ಸೆಕೆಂಡಿಗೆ ಕಾಲು ಮೀಟರ್

2012ರ ಆಗಸ್ಟ್ 6ರ ರಾತ್ರಿ ಲಂಡನ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ಮಹಿಳೆಯರ ಗುಂಡು ಎಸೆತದ ಫೈನಲ್ ಮುಗಿದಾಗ ಬೆಲಾರುಸ್‌ನ ನಾಡ್ಜೆಯಾ ಒಸ್ತಾಪ್‌ಚುಕ್ 21.36 ಮೀಟರ್ ಎಸೆದು ಮೊದಲ ಸ್ಥಾನದಲ್ಲಿದ್ದರು. ನ್ಯೂಜಿಲೆಂಡ್‌ನ ವ್ಯಾಲೆರಿ ಆಡಮ್ಸ್ 20.70 ಮೀಟರ್‌ನೊಂದಿಗೆ ಎರಡನೆಯವರಾಗಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಒಸ್ತಾಪ್‌ಚುಕ್ ಅವರ ಮೂತ್ರದ ಮಾದರಿಯಲ್ಲಿ ಮೆಟೆನೊಲೋನ್ ಎಂಬ ಸ್ಟೆರಾಯ್ಡ್ ಪತ್ತೆಯಾಗಿ ಅವರ ಪದಕವನ್ನು ಹಿಂಪಡೆಯಲಾಯಿತು. ಸೆಪ್ಟೆಂಬರ್‌ನಲ್ಲಿ ಆಕ್ಲೆಂಡ್‌ನಲ್ಲಿ ನಡೆದ ಸಮಾರಂಭವೊಂದರಲ್ಲಿ ಆಡಮ್ಸ್ ತಮ್ಮ ಚಿನ್ನದ ಪದಕವನ್ನು ಪಡೆದರು. ಆ ರಾತ್ರಿ ಇಬ್ಬರ ನಡುವೆ ಇದ್ದದ್ದು 66 ಸೆಂಟಿಮೀಟರ್. ಟೇಪಿನ ಮೇಲೆ ಅದು ದೊಡ್ಡ ಅಂತರವೇ ಸರಿ. ಆದರೆ ಟೇಪು ಅಳೆಯುವುದು ಗುಂಡು ಬಿದ್ದ ಜಾಗವನ್ನು. ಎಸೆಯುವವರ ದೇಹ ಗುಂಡಿಗೆ ಕೊಡುವುದು ವೇಗವನ್ನು. ಆ 66 ಸೆಂಟಿಮೀಟರನ್ನು ವೇಗದ ಲೆಕ್ಕಕ್ಕೆ ತಿರುಗಿಸಿ ನೋಡಿದರೆ ಆಡಮ್ಸ್ ಅವರ ಇಪ್ಪತ್ತು ವರ್ಷಗಳ ಕ್ರೀಡಾಜೀವನ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ.

ಮಹಿಳೆಯರ ಗುಂಡಿನ ತೂಕ 4 ಕಿಲೋಗ್ರಾಂ. ಅದನ್ನು ಎಸೆಯುವ ವೃತ್ತದ ವ್ಯಾಸ 2.135 ಮೀಟರ್, ಅಂದರೆ ಎತ್ತರದ ಕ್ರೀಡಾಪಟುವೊಬ್ಬರು ಕಾಲು ಚಾಚಿ ಮಲಗಿದರೆ ಹೆಚ್ಚೇನೂ ಉಳಿಯದಷ್ಟು ಜಾಗ. ವೃತ್ತದ ಮುಂಭಾಗದಲ್ಲಿ ಒಂದು ಅಡ್ಡಹಲಗೆ ಇರುತ್ತದೆ. ಅದನ್ನು ಒಳಬದಿಯಿಂದ ಒತ್ತಬಹುದು, ಮೇಲೆ ತುಳಿದರೆ ಫೌಲ್. ಗುಂಡು ಬೆರಳುಗಳನ್ನು ಬಿಟ್ಟ ಮೇಲೆ ಅದು ಎಲ್ಲಿ ಬೀಳಬೇಕೆಂಬುದನ್ನು ನಿರ್ಧರಿಸುವುದು ಮೂರೇ ಸಂಗತಿಗಳು: ಬಿಡುಗಡೆಯ ವೇಗ, ಕೋನ ಮತ್ತು ಎತ್ತರ. ಭಾರವಾದ ಈ ಲೋಹದ ಗೋಳಕ್ಕೆ ಗಾಳಿಯ ತಡೆ ಅಷ್ಟೇನೂ ಲೆಕ್ಕಕ್ಕಿಲ್ಲ. ನೆಲದಿಂದ 2.1 ಮೀಟರ್ ಎತ್ತರದಲ್ಲಿ, 37 ಡಿಗ್ರಿ ಕೋನದಲ್ಲಿ ಗುಂಡು ಕೈಬಿಟ್ಟಿತೆಂದು ಇಟ್ಟುಕೊಂಡರೆ, 2011ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಆಡಮ್ಸ್ ಎಸೆದ 21.24 ಮೀಟರ್‌ಗೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 13.8 ಮೀಟರ್, ಅಂದರೆ ಗಂಟೆಗೆ 50 ಕಿಲೋಮೀಟರ್. ಅದು ಅವರ ಜೀವನದ ಅತಿ ದೂರದ ಎಸೆತ. ಕ್ರಿಕೆಟ್ ಪಿಚ್ಚಿನ ಒಂದು ತುದಿಯ ವಿಕೆಟ್ ಬಳಿ ನಿಂತು ಎಸೆದರೆ ಗುಂಡು ಇನ್ನೊಂದು ತುದಿಯ ವಿಕೆಟ್ ದಾಟಿ ಮತ್ತೂ ಒಂದು ಮೀಟರ್ ಆಚೆ ಬೀಳುತ್ತದೆ.

ಇದೇ ಸೂತ್ರದಲ್ಲಿ ಒಂದೊಂದನ್ನೇ ಬದಲಿಸಿ ನೋಡುವುದು ಸ್ವಾರಸ್ಯಕರ. ಆಡಮ್ಸ್ 1.93 ಮೀಟರ್ ಎತ್ತರದವರು; ಅವರ ಗೆಲುವಿಗೆ ಈ ಎತ್ತರವೇ ಕಾರಣವೆಂದು ಮೇಲ್ನೋಟಕ್ಕೆ ಅನ್ನಿಸುವುದು ಸಹಜ. ಆದರೆ ಗುಂಡನ್ನು 10 ಸೆಂಟಿಮೀಟರ್ ಮೇಲಿನಿಂದ ಬಿಟ್ಟರೆ ದೂರದಲ್ಲಿ ನೇರವಾಗಿ ಸಿಗುವ ಲಾಭ ಸುಮಾರು 10 ಸೆಂಟಿಮೀಟರ್ ಮಾತ್ರ. ಕೋನದ ವಿಷಯ ಇನ್ನೂ ವಿಚಿತ್ರ. ಶಾಲೆಯ ಭೌತಶಾಸ್ತ್ರದಲ್ಲಿ ಕಲಿತ 45 ಡಿಗ್ರಿ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಗುಂಡು ಹೊರಡುವುದು ನೆಲದಿಂದಲ್ಲ, ತಲೆಗಿಂತ ಮೇಲಿನಿಂದ. ಹಾಗಾಗಿ ಲೆಕ್ಕ ಹೇಳುವ ಉತ್ತಮ ಕೋನ ಸುಮಾರು 42 ಡಿಗ್ರಿ. ಹೀಗಿದ್ದೂ ಶ್ರೇಷ್ಠ ಎಸೆತಗಾರರು ಅದಕ್ಕಿಂತಲೂ ನಾಲ್ಕೈದು ಡಿಗ್ರಿ ಕೆಳಗೇ ಎಸೆಯುತ್ತಾರೆ. ಅದು ಅಭ್ಯಾಸದ ದೋಷವಲ್ಲ. ಮನುಷ್ಯನ ಎದೆ ಮತ್ತು ಭುಜಗಳ ಸ್ನಾಯುಗಳು ಮೇಲಕ್ಕೆ ತಳ್ಳುವುದಕ್ಕಿಂತ ಮುಂದಕ್ಕೆ ತಳ್ಳುವಾಗ ಹೆಚ್ಚು ಬಲ ಬೀರುತ್ತವೆ, ಜೊತೆಗೆ ಮೇಲಕ್ಕೆ ತಳ್ಳಿದಷ್ಟೂ ಗುರುತ್ವದ ವಿರುದ್ಧದ ದುಡಿಮೆ ಹೆಚ್ಚುತ್ತದೆ. ಕೋನವನ್ನು ಏರಿಸಿದರೆ ವೇಗ ಇಳಿಯುತ್ತದೆ. 42ರ ಬದಲು 37 ಡಿಗ್ರಿಯಲ್ಲಿ ಎಸೆದಾಗ ಆಗುವ ನಷ್ಟ ಸುಮಾರು 30 ಸೆಂಟಿಮೀಟರ್. ವೇಗದಲ್ಲಿ ಶೇಕಡಾ ಒಂದರಷ್ಟು ಹೆಚ್ಚಳವಾದರೆ ಸಿಗುವ ಲಾಭ ಸುಮಾರು 40 ಸೆಂಟಿಮೀಟರ್. ಆದ್ದರಿಂದ ಗುಂಡು ಎಸೆತವೆಂದರೆ ವೇಗದ ಶೇಕಡಾ ಒಂದೆರಡು ಅಂಶಗಳಿಗಾಗಿ ವರ್ಷಗಟ್ಟಲೆ ದುಡಿಯುವ ಕೆಲಸವೆಂದರೆ ಉತ್ಪ್ರೇಕ್ಷೆಯಲ್ಲ.

ಈ ದುಡಿಮೆ ಆಡಮ್ಸ್ ಅವರಲ್ಲಿ ಬೇಗನೆ ಆರಂಭವಾಯಿತು. 1984ರ ಅಕ್ಟೋಬರ್ 6ರಂದು ರೊಟೊರುವಾದಲ್ಲಿ ಟೊಂಗಾ ಮೂಲದ ತಾಯಿ ಮತ್ತು ಇಂಗ್ಲಿಷ್ ತಂದೆಯ ಮಗಳಾಗಿ ಹುಟ್ಟಿದ ಅವರು ಹದಿಹರೆಯದಲ್ಲೇ ತಾಯಿಯನ್ನು ಕಳೆದುಕೊಂಡರು. ಮಾಜಿ ಜಾವೆಲಿನ್ ಎಸೆತಗಾರ್ತಿ ಕರ್ಸ್ಟನ್ ಹೆಲಿಯರ್ ಅವರ ತರಬೇತಿಯಲ್ಲಿ 2001ರಲ್ಲಿ ವಿಶ್ವ ಯುವ ಪ್ರಶಸ್ತಿಯನ್ನೂ 2002ರಲ್ಲಿ ವಿಶ್ವ ಜೂನಿಯರ್ ಪ್ರಶಸ್ತಿಯನ್ನೂ ಗೆದ್ದರು. 2007ರಲ್ಲಿ ಒಸಾಕಾದಲ್ಲಿ ಕೊನೆಯ ಸುತ್ತಿನ 20.54 ಮೀಟರ್ ಎಸೆತದಿಂದ ವಿಶ್ವ ಚಾಂಪಿಯನ್ ಆದರು, 2008ರಲ್ಲಿ ಬೀಜಿಂಗ್‌ನಲ್ಲಿ 20.56 ಮೀಟರ್‌ಗೆ ಒಲಿಂಪಿಕ್ ಚಿನ್ನ ಗೆದ್ದರು; ಆಗಿನ ದಾಖಲೆಗಳಲ್ಲಿ ಅವರ ಹೆಸರು ವ್ಯಾಲೆರಿ ವಿಲಿ ಎಂದಿದೆ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿಯೂ ಚಿನ್ನ ಅವರದೇ ಆಗಿತ್ತು.

ಆಡಮ್ಸ್ ಬಳಸುತ್ತಿದ್ದದ್ದು ಗ್ಲೈಡ್ ಶೈಲಿ. ಎಸೆಯುವ ದಿಕ್ಕಿಗೆ ಬೆನ್ನು ಹಾಕಿ, ಗುಂಡನ್ನು ಕತ್ತಿಗೆ ಒತ್ತಿ ಹಿಡಿದು, ಬಲಗಾಲ ಮೇಲೆ ಬಾಗಿ ಕುಳಿತು, ಅಲ್ಲಿಂದ ಹಿಂದಕ್ಕೆ ಜಾರಿದಂತೆ ನೆಗೆದು ವೃತ್ತದ ಮಧ್ಯಕ್ಕೆ ಬರುವ ಈ ಚಲನೆಯನ್ನು 1950ರ ದಶಕದಲ್ಲಿ ಅಮೆರಿಕದ ಪ್ಯಾರಿ ಓಬ್ರಿಯನ್ ಪ್ರಚಾರಕ್ಕೆ ತಂದರು. ನೋಡುವವರಿಗೆ ಈ ಜಾರುವಿಕೆಯೇ ಎಸೆತದ ಮುಖ್ಯ ಭಾಗವೆಂದು ತೋರಬಹುದು; ಆದರೆ ಗುಂಡಿನ ಶಕ್ತಿಯಲ್ಲಿ ಅದರ ನೇರ ಪಾಲು ಬಹಳ ಚಿಕ್ಕದು. ನಿಜವಾದ ಎಸೆತ ಎಡಗಾಲು ಹಲಗೆಯ ಬಳಿ ಊರಿದ ಮೇಲಿನ ಕಾಲು ಸೆಕೆಂಡಿನಲ್ಲಿ ನಡೆಯುತ್ತದೆ. 21.24 ಮೀಟರ್ ಎಸೆತದ ಗುಂಡಿನಲ್ಲಿದ್ದ ಚಲನಶಕ್ತಿ ಸುಮಾರು 380 ಜೂಲ್, ಅಂದರೆ ಅದೇ ಗುಂಡನ್ನು ಹೆಚ್ಚುಕಡಿಮೆ 10 ಮೀಟರ್ ಎತ್ತರಕ್ಕೆ ಏರಿಸಲು ಸಾಕಾಗುವಷ್ಟು. ಅಷ್ಟನ್ನೂ ಕಾಲು ಸೆಕೆಂಡಿನಲ್ಲಿ ಕೊಡುವ ದೇಹ ಆ ಕ್ಷಣದ ಮಟ್ಟಿಗೆ ಎರಡು ಅಶ್ವಶಕ್ತಿಯ ಪಂಪ್‌ಸೆಟ್ಟಿಗೆ ಸಮ.

ಹಾಗಾದರೆ ಜಾರುವುದು ಏಕೆ? ನಿಂತಲ್ಲಿಂದಲೇ ಎಸೆದರೆ ಒಂದೂವರೆಯಿಂದ ಎರಡು ಮೀಟರ್ ಕಡಿಮೆಯಾಗುತ್ತದೆ ಎಂಬುದು ಎಲ್ಲ ತರಬೇತುದಾರರಿಗೂ ಗೊತ್ತಿರುವ ಸಂಗತಿ. ಗ್ಲೈಡ್ ಮುಗಿಯುವ ಹೊತ್ತಿಗೆ ಸೊಂಟ ಮುಂದಕ್ಕೆ ತಿರುಗಲು ಆರಂಭಿಸಿರುತ್ತದೆ, ಭುಜ ಮಾತ್ರ ಇನ್ನೂ ಹಿಂದಕ್ಕೇ ಮುಖ ಮಾಡಿರುತ್ತದೆ. ಹಿಂಡಿದ ಬಟ್ಟೆಯಂತೆ ತಿರುಚಿಕೊಂಡ ನಡುವಿನ ಸ್ನಾಯುಗಳು ಎಳೆತಕ್ಕೆ ಒಳಗಾಗಿರುತ್ತವೆ, ಮತ್ತು ಎಳೆತಕ್ಕೆ ಒಳಗಾದ ಮರುಕ್ಷಣವೇ ಸಂಕುಚಿಸುವ ಸ್ನಾಯು ಹೆಚ್ಚು ಬಲ ಕೊಡುತ್ತದೆ. ಇದರ ಜೊತೆಗೆ ಇನ್ನೊಂದು ಕಟ್ಟುಪಾಡಿದೆ. ಸ್ನಾಯು ಎಷ್ಟು ವೇಗವಾಗಿ ಸಂಕುಚಿಸುತ್ತದೆಯೋ ಅದು ಬೀರಬಲ್ಲ ಬಲ ಅಷ್ಟೇ ಕುಗ್ಗುತ್ತದೆ. ಗುಂಡು ವೇಗ ಪಡೆದಂತೆಲ್ಲ ಅದನ್ನು ಇನ್ನಷ್ಟು ತಳ್ಳುವುದು ಕಷ್ಟವಾಗುತ್ತಾ ಹೋಗುವುದರಿಂದ, ಕೇವಲ ಭಾರ ಎತ್ತುವ ತಾಕತ್ತು ಹೆಚ್ಚಿಸಿಕೊಂಡರೆ ಸಾಲದು. 2010ರಲ್ಲಿ ಹೆಲಿಯರ್ ಅವರಿಂದ ಬೇರ್ಪಟ್ಟ ಬಳಿಕ ಆಡಮ್ಸ್ ಸ್ವಿಟ್ಜರ್‌ಲೆಂಡ್‌ನ ಜಾನ್-ಪಿಯರ್ ಎಗ್ಗರ್ ಅವರಲ್ಲಿಗೆ ಹೋದರು. ಮೂರು ಬಾರಿ ವಿಶ್ವ ಚಾಂಪಿಯನ್ ಆದ ವೆರ್ನರ್ ಗುಂಥೋರ್ ಅವರನ್ನು ರೂಪಿಸಿದವರು ಇದೇ ಎಗ್ಗರ್. ಡೇಗುವಿನ ಎಸೆತ ಈ ಜೋಡಿಯ ಫಲ. 2010ರಿಂದ 2015ರವರೆಗೆ ಆಡಮ್ಸ್ ಸತತ 107 ಸ್ಪರ್ಧೆಗಳನ್ನು ಗೆದ್ದರು, 2014ರಲ್ಲಿ ವಿಶ್ವದ ವರ್ಷದ ಅಥ್ಲೀಟ್ ಗೌರವಕ್ಕೆ ಪಾತ್ರರಾದರು. ಆ ಸರಣಿಯ ನಡುವೆಯೇ ಲಂಡನ್ ಕೂಡ ಬರುತ್ತದೆ: ಅಂದು ರಾತ್ರಿ ಸೋತು, ವಾರದ ಬಳಿಕ ಗೆದ್ದ ಸ್ಪರ್ಧೆ.

ಈಗ ಆ 66 ಸೆಂಟಿಮೀಟರಿಗೆ ಬರೋಣ. ಮೇಲಿನ ಸೂತ್ರದಂತೆ 20.70 ಮೀಟರ್‌ಗೂ 21.36 ಮೀಟರ್‌ಗೂ ಇರುವ ವ್ಯತ್ಯಾಸ ಸೆಕೆಂಡಿಗೆ ಸುಮಾರು 24 ಸೆಂಟಿಮೀಟರ್ ವೇಗ, ಶೇಕಡಾ ಎರಡಕ್ಕಿಂತಲೂ ಕಡಿಮೆ. ಸ್ಟೆರಾಯ್ಡ್‌ಗಳು ಟೆಸ್ಟೋಸ್ಟಿರಾನ್ ಹಾರ್ಮೋನಿನಂತೆ ವರ್ತಿಸಿ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕೆಲಸವನ್ನು ಚುರುಕುಗೊಳಿಸುತ್ತವೆ. ಮಹಿಳೆಯರ ದೇಹದಲ್ಲಿ ಈ ಹಾರ್ಮೋನ್ ಸ್ವಾಭಾವಿಕವಾಗಿ ಬಹಳ ಕಡಿಮೆ ಇರುವುದರಿಂದ ಹೊರಗಿನಿಂದ ಬಂದದ್ದರ ಪರಿಣಾಮ ಅವರಲ್ಲಿ ಹೆಚ್ಚು. ವರ್ಷಗಳ ದುಡಿಮೆಯಿಂದ ದಕ್ಕುವ ಶೇಕಡಾ ಒಂದೆರಡು ವೇಗವನ್ನು ಉದ್ದೀಪನ ಮದ್ದು ಕೆಲವೇ ತಿಂಗಳಲ್ಲಿ ಕೊಡಬಲ್ಲದು ಎಂಬುದೇ ಈ ಸ್ಪರ್ಧೆಯ ಇತಿಹಾಸವನ್ನು ಕಲಕಿದೆ. ಮಹಿಳೆಯರ ಸಾರ್ವಕಾಲಿಕ ಪಟ್ಟಿಯ ಮೇಲ್ಭಾಗದಲ್ಲಿ ಇಂದಿಗೂ 1970 ಮತ್ತು 80ರ ದಶಕಗಳ ಹೆಸರುಗಳೇ ತುಂಬಿವೆ. 1987ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ನಟಾಲ್ಯಾ ಲಿಸೊವ್‌ಸ್ಕಾಯಾ ಎಸೆದ 22.63 ಮೀಟರ್ ಈಗಲೂ ವಿಶ್ವದಾಖಲೆ. ಆಡಮ್ಸ್ ತಮ್ಮ ಜೀವನದ ಶ್ರೇಷ್ಠ ದಿನ ಸಾಧಿಸಿದ ವೇಗಕ್ಕಿಂತ ಅದಕ್ಕೆ ಬೇಕಾದದ್ದು ಸೆಕೆಂಡಿಗೆ ಅರ್ಧ ಮೀಟರ್ ಹೆಚ್ಚು. ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಯೋಜನೆ ಹಾಕಿ ಕ್ರೀಡಾಪಟುಗಳಿಗೆ ಸ್ಟೆರಾಯ್ಡ್ ಕೊಡುತ್ತಿದ್ದುದು ಈಗ ದಾಖಲೆಗಳಿಂದ ಸಾಬೀತಾಗಿದೆ, ಆದರೂ ಆ ಕಾಲದ ಅಂಕಿಗಳು ಪಟ್ಟಿಯಿಂದ ಕದಲಿಲ್ಲ. ಈ ಪಟ್ಟಿಯನ್ನು ಓದುವಾಗ ವರ್ಷದ ಕಾಲಂ ಮೇಲೂ ಕಣ್ಣಿಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ.

ಸ್ಪರ್ಧೆಯ ದಿನ ಸಿಗದ ಪುರಾವೆ ವರ್ಷಗಳ ಬಳಿಕ ಸಿಗುವುದೂ ಉಂಟು. ಮಾದರಿಗಳನ್ನು ಶೀತಲೀಕರಿಸಿ ಇಟ್ಟಿರುತ್ತಾರೆ. ಸ್ಟೆರಾಯ್ಡ್ ಒಡೆದು ಉಂಟಾಗುವ, ದೇಹದಲ್ಲಿ ದೀರ್ಘಕಾಲ ಉಳಿಯುವ ಉಪಉತ್ಪನ್ನಗಳನ್ನು ಗುರುತಿಸುವ ವಿಧಾನಗಳು ಸುಧಾರಿಸಿದಂತೆ ಹಳೆಯ ಬಾಟಲಿಗಳು ಮತ್ತೆ ತೆರೆದುಕೊಳ್ಳುತ್ತವೆ. 2005ರ ಹೆಲ್ಸಿಂಕಿ ವಿಶ್ವ ಚಾಂಪಿಯನ್‌ಷಿಪ್‌ನ ಮಾದರಿ ಮರುಪರೀಕ್ಷೆಗೆ ಒಳಗಾಗಿ, 2013ರಲ್ಲಿ ಆಡಮ್ಸ್ ಅವರ ಕಂಚು ಬೆಳ್ಳಿಯಾಯಿತು. ಬೀಜಿಂಗ್‌ನಲ್ಲಿ ಅವರ ಎಡಬಲಕ್ಕೆ ಬೆಳ್ಳಿ, ಕಂಚು ಕೊರಳಿಗೆ ಹಾಕಿಕೊಂಡು ನಿಂತಿದ್ದ ಬೆಲಾರುಸ್‌ನ ನಟಾಲ್ಯಾ ಮಿಖ್ನೆವಿಚ್ ಮತ್ತು ಒಸ್ತಾಪ್‌ಚುಕ್ ಇಬ್ಬರೂ 2016ರ ಮರುಪರೀಕ್ಷೆಯ ಬಳಿಕ ಪದಕ ಕಳೆದುಕೊಂಡರು.

ಮದ್ದಿನ ಸೋಂಕಿಲ್ಲದ ಸೋಲೂ ಆಡಮ್ಸ್ ಅವರಿಗೆ ಬಂತು. 2016ರ ರಿಯೊದಲ್ಲಿ 20.42 ಮೀಟರ್ ಎಸೆದು ಮುಂಚೂಣಿಯಲ್ಲಿದ್ದ ಅವರನ್ನು ಅಮೆರಿಕದ ಮಿಷೆಲ್ ಕಾರ್ಟರ್ ಆರನೆಯ, ಅಂದರೆ ತಮ್ಮ ಕೊನೆಯ ಎಸೆತದಲ್ಲಿ 20.63 ಮೀಟರ್ ದಾಟಿ ಹಿಂದಿಕ್ಕಿದರು. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್. ಅಷ್ಟರಲ್ಲಾಗಲೇ ಆಡಮ್ಸ್ ಭುಜ, ಮೊಣಕೈ, ಮೊಣಕಾಲುಗಳ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಜಾರಿ ಬಂದ ದೇಹದ ವೇಗವನ್ನು ಎಡಗಾಲಿನಲ್ಲಿ ಒಮ್ಮೆಲೇ ತಡೆದು ಮೇಲಕ್ಕೆ ಹರಿಸುವ ಈ ಕ್ರೀಡೆ, ಆ ಆಘಾತವನ್ನು ಕೀಲುಗಳಿಂದಲೇ ವಸೂಲಿ ಮಾಡುತ್ತದೆ. 2017ರ ಅಕ್ಟೋಬರ್‌ನಲ್ಲಿ ಮಗಳು ಹುಟ್ಟಿದಳು. ಗರ್ಭಧಾರಣೆಯಲ್ಲಿ ಹಿಗ್ಗುವ ಹೊಟ್ಟೆಯ ಸ್ನಾಯುಗಳೇ ಸೊಂಟದ ತಿರುವನ್ನು ಭುಜಕ್ಕೆ ದಾಟಿಸುವ ಸ್ನಾಯುಗಳು ಎಂಬುದನ್ನು ನೆನೆದರೆ, ಆರು ತಿಂಗಳಲ್ಲೇ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕೂಟದಲ್ಲಿ ಗೆದ್ದ ಬೆಳ್ಳಿ ಅವರ ಕೆಲವು ಚಿನ್ನಗಳಿಗಿಂತ ಕಷ್ಟದ್ದಾಗಿರಬೇಕು. 2019ರಲ್ಲಿ ಮಗ ಹುಟ್ಟಿದ.

2021ರ ಆಗಸ್ಟ್ 1ರಂದು ಟೋಕಿಯೊದಲ್ಲಿ, 36ನೆಯ ವಯಸ್ಸಿನಲ್ಲಿ, ಅವರು 19.62 ಮೀಟರ್‌ಗೆ ಕಂಚು ಪಡೆದರು. ಡೇಗುವಿನ ಎಸೆತಕ್ಕೆ ಹೋಲಿಸಿದರೆ ದೂರದಲ್ಲಿ 1.62 ಮೀಟರ್ ಕಡಿಮೆ. ವೇಗದಲ್ಲಿ ಸೆಕೆಂಡಿಗೆ 0.6 ಮೀಟರ್, ಅಂಗಳದಲ್ಲಿ ನಿಧಾನವಾಗಿ ಹೆಜ್ಜೆ ಹಾಕುವ ಮಗುವಿನ ವೇಗ. ನಾಲ್ಕು ವಾರಗಳೊಳಗೆ ಅದೇ ಕ್ರೀಡಾಂಗಣದಲ್ಲಿ, ದೇಹದ ಒಂದು ಬದಿಗೆ ಸೆರೆಬ್ರಲ್ ಪಾಲ್ಸಿ ಇರುವ ಅವರ ತಂಗಿ ಲೀಸಾ ಆಡಮ್ಸ್ ಪ್ಯಾರಾಲಿಂಪಿಕ್ಸ್‌ನ ಗುಂಡು ಎಸೆತದಲ್ಲಿ ಚಿನ್ನ ಗೆದ್ದರು. ಅವರ ತರಬೇತುದಾರರು ವ್ಯಾಲೆರಿ. ಮರುವರ್ಷದ ಮಾರ್ಚ್‌ನಲ್ಲಿ ವ್ಯಾಲೆರಿ ಸ್ಪರ್ಧೆಗೆ ವಿದಾಯ ಹೇಳಿದರು.