ಮೆಟ್ಟಿಲಲ್ಲಿ ಸಾಲದ ದಮ್ಮು ಭಜನೆಯಲ್ಲಿ ಎಲ್ಲಿಂದ ಬರುತ್ತದೆ?

ನಮ್ಮವ್ವನಿಗೆ ಈಗ 74. ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆಗೆ 16 ಮೆಟ್ಟಿಲು. ಅಷ್ಟು ಹತ್ತುವಷ್ಟರಲ್ಲಿ ಅವ್ವ ಎರಡು ಸಲ ನಿಲ್ಲುತ್ತಾಳೆ. "ದಮ್ಮು ಹತ್ತೇತಿ, ತಡಿಯೋ" ಎನ್ನುತ್ತಾಳೆ. ಅದೇ ಅವ್ವ ಸೋಮವಾರ ರಾತ್ರಿ ಓಣಿಯ ಗುಡಿಯಲ್ಲಿ ಭಜನೆಗೆ ಕೂತರೆ ಉದ್ದುದ್ದ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾಳೆ. ಪಕ್ಕದಲ್ಲಿ ಕೂತು ದನಿಗೂಡಿಸುವ ನಾನು ಅವಳಿಗಿಂತ 28 ವರ್ಷ ಚಿಕ್ಕವನು. ನನಗೆ ನಡುವೆಯೇ ಉಸಿರು ಕಡಿಯುತ್ತದೆ.

ನಮ್ಮ ಕಡೆ ದಮ್ಮು ಅನ್ನುವ ಮಾತಿಗೆ ಎರಡು ಮುಖ. ಏದುಸಿರಿಗೂ ಉಬ್ಬಸಕ್ಕೂ ದಮ್ಮು ಅನ್ನುತ್ತೇವೆ. ಆದರೆ "ಆ ಹಾಡೋರಿಗೆ ದಮ್ಮೈತಿ ನೋಡ್ರಿ" ಅಂದರೆ ಅದು ತಾಕತ್ತು. ಇವು ನಿಜಕ್ಕೂ ಎರಡು ಬೇರೆ ಸಂಗತಿಗಳು. ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯುಗಳಿಗೆ ಬೇಗ ಬೇಗ ಆಮ್ಲಜನಕ ಮುಟ್ಟಬೇಕು. ಶ್ವಾಸಕೋಶ, ಹೃದಯ, ರಕ್ತ, ಕಾಲು ಎಲ್ಲ ಸೇರಿ ಮಾಡುವ ಕೆಲಸ ಅದು. ಹಾಡಿಗೆ ಅಷ್ಟೊಂದು ಗಾಳಿ ಬೇಡ. ಇದ್ದ ಗಾಳಿಯನ್ನು ಹದವಾಗಿ ಬಿಡುವುದು ಗೊತ್ತಿರಬೇಕು.

ಸುಮ್ನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಒಂದೊಂದು ಸಲಕ್ಕೂ ಒಳಗೆ ಹೋಗುವುದು ಸುಮಾರು ಅರ್ಧ ಲೀಟರ್ ಗಾಳಿ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನ ಹಾಗೆ ಹಬ್ಬಿರುವ ವಪೆ ಎಂಬ ಸ್ನಾಯು ಕೆಳಗಿಳಿದಾಗ ಗಾಳಿ ಒಳಗೆ ಬರುತ್ತದೆ. ಹೊರಗೆ ಹೋಗುವಾಗ ಯಾವ ಶ್ರಮವೂ ಬೇಕಿಲ್ಲ. ಹಿಗ್ಗಿದ ಶ್ವಾಸಕೋಶ ರಬ್ಬರಿನಂತೆ ತಾನೇ ಕುಗ್ಗುತ್ತದೆ. ಹಾಡು ಈ ಲೆಕ್ಕವನ್ನೇ ಬದಲಿಸುತ್ತದೆ. ಗಾಳಿಯನ್ನು ಸರಕ್ಕನೆ ಎಳೆದುಕೊಂಡು, ಹತ್ತು ಹದಿನೈದು ಸೆಕೆಂಡು ತಡೆತಡೆದು ಬಿಡಬೇಕು. ತುಂಬಿದ ಚಕ್ಕಡಿಯನ್ನು ಇಳಿಜಾರಿನಲ್ಲಿ ಹೊಡೆದವರಿಗೆ ಇದು ಗೊತ್ತು. ಶುರುವಿಗೆ ಭಾರವೇ ಗಾಡಿಯನ್ನು ದೂಡುತ್ತದೆ, ಎತ್ತು ಹಿಂದಕ್ಕೆ ಜಗ್ಗಿ ಹಿಡಿಯಬೇಕು. ಇಳಿಜಾರು ಮುಗಿದ ಮೇಲೆ ಅದೇ ಎತ್ತು ಎಳೆಯಬೇಕು. ಹಾಗೆಯೇ ಸಾಲಿನ ಮೊದಲಲ್ಲಿ ಪಕ್ಕೆಲುಬಿನ ಸ್ನಾಯುಗಳು ಗಾಳಿ ಒಮ್ಮೆಲೇ ನುಗ್ಗಿ ಹೋಗದಂತೆ ತಡೆ ಹಿಡಿಯುತ್ತವೆ. ಸಾಲಿನ ಕೊನೆಗೆ ಹೊಟ್ಟೆಯ ಸ್ನಾಯುಗಳು ಒಳಗೆ ಒತ್ತಿ ಉಳಿದ ಗಾಳಿಯನ್ನು ದನಿಗೆ ಕೊಡುತ್ತವೆ. ಅವ್ವ 40 ವರ್ಷ ಭಜನೆಯಲ್ಲಿ ಕಲಿತದ್ದು ಈ ತಡೆಯುವ ಮತ್ತು ಒತ್ತುವ ಕೆಲಸ.

ಹಾಡಿದರೆ ಶ್ವಾಸಕೋಶ ದೊಡ್ಡದಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನೂ ಆಗುವುದಿಲ್ಲ. ಮೂವತ್ತರ ಆಸುಪಾಸು ದಾಟಿದ ಮೇಲೆ, ಒಂದು ಸೆಕೆಂಡಿನಲ್ಲಿ ಜೋರಾಗಿ ಊದಬಲ್ಲ ಗಾಳಿ ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರ್‌ನಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಪಕ್ಕೆಲುಬಿನ ಮೆದುಮೂಳೆ ಗಟ್ಟಿಯಾಗಿ ಎದೆಗೂಡು ಬಿಗಿಯಾಗುತ್ತದೆ. ಶ್ವಾಸಕೋಶದ ರಬ್ಬರಿನ ಗುಣ ಸಡಿಲಾಗುತ್ತದೆ. ಎಷ್ಟು ಊದಿದರೂ ಹೊರಬಾರದೆ ಒಳಗೇ ಉಳಿಯುವ ಗಾಳಿ ಜಾಸ್ತಿಯಾಗುತ್ತದೆ. ಇದನ್ನು ಯಾವ ರಾಗವೂ ಹಿಂದಕ್ಕೆ ತಿರುಗಿಸದು. ಆದರೆ ಉಸಿರಿನ ಸ್ನಾಯುಗಳನ್ನು ಯಾವ ವಯಸ್ಸಿನಲ್ಲೂ ಪಳಗಿಸಬಹುದು.

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಬದುಕು ಇದಕ್ಕೆ ದೊಡ್ಡ ಉದಾಹರಣೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಅವರಿಗೆ ಹರೆಯದಲ್ಲೇ ಕ್ಷಯ ತಗುಲಿತು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ವರ್ಷಗಟ್ಟಲೆ ಹಾಸಿಗೆ ಹಿಡಿದು ಮೌನವಾಗಿದ್ದರು. 1950ರ ದಶಕದಲ್ಲಿ ಮತ್ತೆ ಹಾಡಲು ಕೂತಾಗ ಉದ್ದ ಓಟಗಳ ಜಾಗದಲ್ಲಿ ತುಂಡು ತುಂಡಾದ, ಮಿಂಚಿ ಹೋಗುವ ಸ್ವರಗುಚ್ಛಗಳು ಬಂದವು. ಇದ್ದಷ್ಟು ಉಸಿರಿಗೆ ಹಾಡನ್ನೇ ಹೊಂದಿಸಿಕೊಂಡು ಅವರು ಹೊಸ ದಾರಿ ಮಾಡಿದರು. ಅದನ್ನು ಕೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಕಾಯಿಲೆ ಇದ್ದವರ ಮೇಲೆ ಈಗ ಒಳ್ಳೆಯ ಪ್ರಯೋಗಗಳೂ ನಡೆದಿವೆ. ಬೀಡಿ ಹೊಗೆಯಿಂದ, ವರ್ಷಾನುಗಟ್ಟಲೆ ಒಲೆಯ ಹೊಗೆಯಿಂದ ಬರುವ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಡೆನ್ಮಾರ್ಕಿನಲ್ಲಿ ಇಂಥ 270 ರೋಗಿಗಳನ್ನು ಎರಡು ಗುಂಪು ಮಾಡಿ, 10 ವಾರ ಒಂದು ಗುಂಪಿಗೆ ಹಾಡು, ಇನ್ನೊಂದಕ್ಕೆ ವ್ಯಾಯಾಮ ಕಲಿಸಿದರು. 6 ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆದಾಗ ಹಾಡಿನವರು ವ್ಯಾಯಾಮದವರಿಗಿಂತ ಹಿಂದೆ ಬೀಳಲಿಲ್ಲ. ಈ ಫಲಿತಾಂಶ ಬಂದದ್ದು 2022ರಲ್ಲಿ. ಅದಕ್ಕೂ ಮೊದಲು, 2017ರಲ್ಲಿ, ಆವರೆಗಿನ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದವರಿಗೆ ಸಿಕ್ಕದ್ದು ಬರೀ 3 ಅಧ್ಯಯನ, 112 ಜನ. ಹಾಡಿನಿಂದ ತೊಂದರೆಯಿಲ್ಲ, ಅನುಕೂಲ ಇರುವಂತಿದೆ, ಪುರಾವೆ ಸಾಲದು ಎಂದು ಅವರು ಬರೆದರು. ಹಾಗಾಗಿ ಔಷಧಿ, ಉಸಿರಿನ ಪಂಪು (ಇನ್‌ಹೇಲರ್) ಬಿಟ್ಟು ಹಾಡುತ್ತಾ ಕೂರಬೇಡಿ. ಅವುಗಳ ಜೊತೆಗೆ ಹಾಡಿ.

ಇನ್ನು ಸಮತೋಲನದ ವಿಷಯ. ಎರಡು ವರ್ಷದ ಹಿಂದೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ನಾನು ಇದನ್ನೆಲ್ಲ ಓದಲು ಶುರು ಮಾಡಿದ್ದು ಆಮೇಲೆ. ಬಿದ್ದ ಕಾರಣಕ್ಕೇ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು 60 ದಾಟಿದವರು.

ನೆಟ್ಟಗೆ ನಿಲ್ಲಲು ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣಿಂದ, ಒಳಗಿವಿಯಿಂದ, ಪಾದ ಮತ್ತು ಸ್ನಾಯುಗಳಿಂದ. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ಇದರಲ್ಲಿ ಉಸಿರಿಗೆ ಏನು ಕೆಲಸ ಅನ್ನಿಸಬಹುದು, ಅಲ್ವಾ? ಪ್ರತಿ ಉಸಿರಿಗೂ ಎದೆ ಹೊಟ್ಟೆ ಉಬ್ಬಿ ಮೈಯ ಭಾರ ಒಂಚೂರು ಸರಿಯುತ್ತದೆ. ಸೊಂಟ, ಕಾಲು ಅದನ್ನು ನಮಗೆ ತಿಳಿಯದಂತೆ ಸರಿದೂಗಿಸುತ್ತವೆ. ಇದಕ್ಕಿಂತ ಅಚ್ಚರಿಯ ಸಂಗತಿ 1997ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದ್ದು. ನಿಂತವರು ಕೈಯನ್ನು ಥಟ್ಟನೆ ಎತ್ತಿದಾಗ, ಭುಜ ಕದಲುವ ಮೊದಲೇ ವಪೆ ಬಿಗಿಯಾಗುತ್ತದೆ. ಅಂದರೆ ಉಸಿರೆಳೆಯುವ ಸ್ನಾಯುವೇ ಬೆನ್ನಿಗೆ ಆಸರೆಯನ್ನೂ ಕೊಡುತ್ತದೆ. ನಿಂತು ತಾಳ ಬಡಿಯುತ್ತಾ ಹಾಡುವವರ ವಪೆ ಎರಡೂ ಕೆಲಸವನ್ನು ಒಟ್ಟಿಗೆ ಮಾಡುತ್ತಿರುತ್ತದೆ. ಇಂಗ್ಲೆಂಡಿನಲ್ಲಿ 65 ದಾಟಿದವರಿಗೆ 8 ವಾರ ಉಸಿರೆಳೆಯುವ ಸ್ನಾಯುಗಳ ವ್ಯಾಯಾಮ ಮಾಡಿಸಿದಾಗ ಅವರ ಸಮತೋಲನ ಸುಧಾರಿಸಿತು ಎಂಬ ವರದಿ 2019ರಲ್ಲಿ ಬಂತು. ಅದು ಹಾಡಲ್ಲ, ಕೊಳವೆಯಂಥ ಸಾಧನದಿಂದ ಗಾಳಿ ಎಳೆಯುವ ವ್ಯಾಯಾಮ. ಆದರೂ ದಾರಿ ತೋರಿಸುತ್ತದೆ.

ಹಾಗಾದರೆ ಹಾಡಿದವರು ಕಡಿಮೆ ಬೀಳುತ್ತಾರೆಯೇ? ವಾಷಿಂಗ್ಟನ್ನಿನಲ್ಲಿ ಸರಾಸರಿ 80 ವಯಸ್ಸಿನವರನ್ನು ಒಂದು ವರ್ಷ ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಹೌದು ಎಂದಿತು. ಹಾಡುವ ತಂಡಕ್ಕೆ ಸೇರಿದವರು ಬಿದ್ದದ್ದು ಕಡಿಮೆ. ಆದರೆ ಅಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ. ಮೊದಲೇ ಗಟ್ಟಿಮುಟ್ಟಾಗಿದ್ದವರೇ ಹಾಡಲು ಬಂದಿರಬಹುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 390 ಹಿರಿಯರ ಮೇಲೆ ಇನ್ನೂ ಕಟ್ಟುನಿಟ್ಟಾಗಿ ಮಾಡಿದ ಪ್ರಯೋಗದಲ್ಲಿ, 6 ತಿಂಗಳು ಗುಂಪಿನಲ್ಲಿ ಹಾಡಿದವರ ಒಂಟಿತನ ಕಡಿಮೆಯಾಯಿತು, ಬದುಕಿನಲ್ಲಿ ಆಸಕ್ತಿ ಹೆಚ್ಚಿತು. ಕಾಲಿನ ಬಲದಲ್ಲಿ ಮಾತ್ರ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಜಿನೀವಾದಲ್ಲಿ 65 ದಾಟಿದ 134 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೊಮ್ಮೆ ಒಂದು ತಾಸು ಪಿಯಾನೋ ಲಯಕ್ಕೆ ತಕ್ಕಂತೆ ನಡೆಯುವುದು, ತಿರುಗುವುದು, ನಿಲ್ಲುವುದನ್ನು ಕಲಿಸಿದರು. 6 ತಿಂಗಳಲ್ಲಿ ಅವರು ಬೀಳುವುದು ಉಳಿದವರಿಗಿಂತ ಅರ್ಧದಷ್ಟಾಯಿತು. ಇದು 2011ರ ಮಾತು.

ಇವನ್ನೆಲ್ಲ ಪಕ್ಕಪಕ್ಕ ಇಟ್ಟರೆ ನನಗೆ ಅನ್ನಿಸುವುದು ಇಷ್ಟು. ಕೂತು ಹಾಡಿದರೆ ಉಸಿರಿಗೆ ಲಾಭ. ಕಾಲಿಗೆ ಲಾಭವಾಗಬೇಕಾದರೆ ಹಾಡು ಕಾಲಿಗೆ ಇಳಿಯಬೇಕು.

ನಮ್ಮ ಸೀಮೆಯಲ್ಲಿ ಹಾಡು ಕಾಲಿನಲ್ಲೇ ಇತ್ತು! ತೆನೆ ಒಕ್ಕುವ ಕಣದಲ್ಲಿ ಮೇಟಿ ಕಂಬದ ಸುತ್ತ, ಎತ್ತುಗಳ ಹಿಂದೆ ಸುತ್ತುತ್ತಾ ರಾತ್ರಿಯಿಡೀ ಹಂತಿ ಪದ ಹಾಡುತ್ತಿದ್ದರು. ತಾಳ ಹಿಡಿದು ಹಾಡುತ್ತಾ ಮುಂದೆ ಹಿಂದೆ ಹೆಜ್ಜೆ ಹಾಕುವ ಹೆಜ್ಜೆಮೇಳ ಇದೆ. ಪಂಢರಪುರಕ್ಕೆ ದಿಂಡಿಯಲ್ಲಿ ಹೋಗುವವರು ಹಾಡುತ್ತಲೇ ದಿನಗಟ್ಟಲೆ ನಡೆಯುತ್ತಾರೆ. ಒಕ್ಕುವ ಯಂತ್ರ ಬಂತು, ಕಣ ಹೋಯಿತು, ಹಂತಿ ಪದ ವೇದಿಕೆಗೆ ಬಂತು. ಅದರ ಜೊತೆ ಎಷ್ಟೊಂದು ನಡಿಗೆ ಹೋಯಿತು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

"ಹಾಡೋರು ಬಾಳ ವರ್ಷ ಬಾಳ್ತಾರ್ರಿ" ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು 96 ವರ್ಷ ಬಾಳಿದರು, ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು 2009ರವರೆಗೆ ಇದ್ದರು ಎಂದು ಜನ ಬೆರಳೆಣಿಸುತ್ತಾರೆ. ಆದರೆ ಪುಟ್ಟರಾಜರ ಗುರು ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡಾಗ ಅವರಿಗೆ 52. ಅವರ ಸಾಧನೆಯೇನು ಕಡಿಮೆಯೇ?

ಮನೆಯಲ್ಲಿ ನಾವು ಮಾಡಿಕೊಂಡದ್ದು ಸಣ್ಣ ಬದಲಾವಣೆ. ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ಅದು ಮೊದಲು. ಭಜನೆಯ ಕೊನೆಯ ಎರಡು ಪದಗಳನ್ನು ಅವ್ವ ಮತ್ತು ಅವಳ ಗೆಳತಿಯರು ಈಗ ಎದ್ದು ನಿಂತು, ಕಂಬದ ಪಕ್ಕದಲ್ಲೇ, ತಾಳಕ್ಕೆ ಸರಿಯಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ಹಾಡುತ್ತಾರೆ. ತಲೆ ಸುತ್ತಿದರೆ ಕೂರಲು ಹಿಂದೆ ಕುರ್ಚಿ ಇರುತ್ತದೆ. ಬಿಪಿ ಇದ್ದವರಿಗೆ ಉಸಿರು ಕಟ್ಟಿ ಮೇಲಿನ ಸ್ವರ ಎಳೆಯಬೇಡಿ ಎಂದು ಹೇಳಿದ್ದೇವೆ. ಗುಡಿಯ ಕಿಟಕಿ ತೆರೆದಿಡುತ್ತೇವೆ.

ಇನ್ನೊಂದು ಬದಲಾವಣೆ ನನ್ನದು. ಸ್ವೀಡನ್ನಿನ ಸಂಶೋಧಕರು 1997ರಲ್ಲಿ 58 ಹಿರಿಯರನ್ನು ಗಮನಿಸಿ, ನಡೆಯುವಾಗ ಯಾರಾದರೂ ಮಾತಾಡಿಸಿದರೆ ನಿಂತುಬಿಡುವವರೇ ಮುಂದಿನ 6 ತಿಂಗಳಲ್ಲಿ ಹೆಚ್ಚು ಬಿದ್ದರು ಎಂದು ಬರೆದಿದ್ದರು. ಮಾತಿಗೂ ಹೆಜ್ಜೆಗೂ ಮೆದುಳಿನ ಗಮನ ಹಂಚಿ ಹೋಗುತ್ತದೆ. ಹಾಡು ಬೇರೆ ಥರ. ಅದರ ಲಯ ಹೆಜ್ಜೆಯನ್ನು ಕೈಹಿಡಿದು ನಡೆಸುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪಾರ್ಕಿನ್‌ಸನ್ ಕಾಯಿಲೆಯವರನ್ನು ಪರೀಕ್ಷಿಸಿದಾಗ ಹಾಡುತ್ತಾ ನಡೆದಾಗ, ಅದರಲ್ಲೂ ಮನಸ್ಸಿನಲ್ಲೇ ಹಾಡಿಕೊಂಡಾಗ, ಹೆಜ್ಜೆ ಹೆಚ್ಚು ಸಮವಾಗಿತ್ತು.

ಮಾಳಿಗೆಯ ಮೆಟ್ಟಿಲಲ್ಲಿ ಅವ್ವ ಇವತ್ತಿಗೂ ಎರಡು ಸಲ ನಿಲ್ಲುತ್ತಾಳೆ. ಆದರೆ ಓಣಿಯ ಅಗೆದು ಬಿಟ್ಟ ರಸ್ತೆ ದಾಟುವಾಗ ನಾನು ಈಗ ಅವಳನ್ನು ಮಾತಾಡಿಸುವುದಿಲ್ಲ. ಅವಳ ತುಟಿ ಸಣ್ಣಗೆ ಅಲುಗುತ್ತಿರುತ್ತದೆ. ಆಚೆ ಮುಟ್ಟಿದ ಮೇಲೆ, "ಹ್ಞಾಂ, ಏನೋ ಹೇಳಾಕತ್ತಿದ್ದೆಲ್ಲ, ಈಗ ಹೇಳು" ಎನ್ನುತ್ತಾಳೆ.