ಓದುಗರ ಪ್ರಶ್ನೆ: ಕಥೆ ಎಲ್ಲಿಂದ ಹೊಳೆಯುತ್ತೆ?

ಪ್ರಶ್ನೆ: ಮೇಡಂ, ನನಗೂ ಕಥೆ ಬರೆಯುವ ಆಸೆ. ಪೆನ್ನು ಹಿಡಿದು ಕೂತರೆ ಏನೂ ಹೊಳೆಯಲ್ಲ. ನಿಮಗೆ ಎಲ್ಲಿಂದ ಹೊಳೆಯುತ್ತೆ? ನಿಮ್ಮದು ಚಿತ್ರದುರ್ಗ, ಕೋಟೆ ಇದೆ, ಇತಿಹಾಸ ಇದೆ. ನಮ್ಮೂರಲ್ಲಿ ಅಂಥದ್ದೇನೂ ಇಲ್ಲ.

ಉತ್ತರ: ನನ್ನನ್ನು ಜನ ಅತಿ ಜಾಸ್ತಿ ಕೇಳಿದ ಪ್ರಶ್ನೆ ಇದು. ಸುಮ್ನೆ ಉಪದೇಶ ಮಾಡೋದಕ್ಕಿಂತ, ಒಂದು ಕಥೆ ನನಗೆ ಹೇಗೆ ಸಿಕ್ಕಿತು ಅಂತ ಹೇಳುತ್ತೇನೆ.

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ನಮ್ಮ ಕಡೆಯವರು ಹಾಗೇ ಅನ್ನೋದು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 2022ಕ್ಕೂ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ! ಬಯಲುಸೀಮೆಯವರಿಗೆ ಇದು ಎಂಥ ಸಂಭ್ರಮ ಅಂತ ಬೇರೆಯವರಿಗೆ ಹೇಳಿ ತಿಳಿಸೋದು ಕಷ್ಟ. ಮನೆಮಂದಿಯೆಲ್ಲ ಟ್ರ್ಯಾಕ್ಟರ್ ಹತ್ತಿ ನೀರು ನೋಡಲು ಬಂದಿದ್ದರು. ನಾನೂ ಹೋಗಿದ್ದೆ.

ಎಲ್ಲರೂ ನೀರಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ಬದಿಯಲ್ಲಿ ಬಗ್ಗಿ ಸ್ಟೀಲ್ ಚೊಂಬಿಗೆ ನೀರು ತುಂಬಿಕೊಂಡಳು. ಚೊಂಬು ಅಲುಗಾಡಿಸಿ ತೊಳೆದು ಚೆಲ್ಲಿದಳು. ಮತ್ತೆ ತುಂಬಿದಳು. ಬಾಯಿಗೆ ಪ್ಲಾಸ್ಟಿಕ್ ಕವರ್ ಮುಚ್ಚಿ ದಾರ ಸುತ್ತಿದಳು. ಗಂಟು ಬಿಗಿಯಾಗಿದೆಯಾ ಅಂತ ಎರಡು ಸಲ ಎಳೆದು ನೋಡಿದಳು. ಆಮೇಲೆ ಚೊಂಬನ್ನು ಎದೆಗೆ ಅವಚಿಕೊಂಡು, ಯಾರೂ ತಾಗದ ಹಾಗೆ ಮೊಣಕೈ ಅಡ್ಡ ಹಿಡಿದು, ಜನರ ಮಧ್ಯೆ ಹೋಗಿಬಿಟ್ಟಳು. ನಾನು ಮಾತಾಡಿಸಲಿಲ್ಲ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಚೊಂಬು. ಕೋಡಿ ನೀರು. ಯಾರಿಗೆ?

ವಾರದೊಳಗೇ ಕಥೆ ಶುರು ಮಾಡಿದೆ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಸಾಯುವ ಮೊದಲು ಮಾರಿಕಣಿವೆ ನೀರು ಕುಡಿಯಬೇಕು ಅನ್ನೋದು ಅವನ ಆಸೆ. ಹೆಂಡತಿ ಬರುವಷ್ಟರಲ್ಲಿ ಉಸಿರು ನಿಂತಿರುತ್ತೆ. ಬರೆದು ಓದಿದರೆ ಎಲ್ಲೋ ಕೇಳಿದ ಹಾಗಿತ್ತು. ಅದರ ಕೊನೆ ನಿಮಗೂ ಮೊದಲೇ ಗೊತ್ತಾಯಿತು, ಅಲ್ವಾ? ಬದಿಗಿಟ್ಟೆ.

ಹದಿನಾಲ್ಕು ತಿಂಗಳು ಕಳೆಯಿತು. ಒಂದು ದಿನ ಆಫೀಸಿನಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದ ಟೇಬಲ್ಲಿನ ಹುಡುಗ ತಮ್ಮ ಹೊಲದ ಸಂಗತಿ ಹೇಳುತ್ತಿದ್ದ. "ಒಂಬೈನೂರು ಅಡಿ ಕೊರೆಸಿದ್ವಿ ಮೇಡಂ, ಬರೀ ಧೂಳು ಬಂತು. ಸಾಲ ಇನ್ನೂ ತೀರಿಲ್ಲ. ನಮ್ಮವ್ವ ನೋಡಿ, ಹಬ್ಬ ಬಂದ್ರೆ ಈಗಲೂ ಮೊದಲ ಎಡೆ ಆ ಬೋರಿಗೇ ಇಡ್ತಾಳೆ." ಇಷ್ಟು ಹೇಳಿ ಅವನು ಮಜ್ಜಿಗೆ ಕಲಸಿಕೊಳ್ಳತೊಡಗಿದ. ನನ್ನ ರೊಟ್ಟಿ ಕೈಯಲ್ಲೇ ಉಳಿಯಿತು. ಅಜ್ಜಿ ಆ ಚೊಂಬನ್ನು ಎಲ್ಲಿಗೆ ಒಯ್ದಳು ಅಂತ ನನಗೆ ಗೊತ್ತಾಗಿಹೋಗಿತ್ತು.

ನಿಜವಾಗಿ ಆಕೆ ಅದನ್ನು ದೇವರ ಮುಂದೆ ಇಟ್ಟಿರಬಹುದು. ನನ್ನ ಕಥೆಯಲ್ಲಿ ಎರಡು ಬಸ್ಸು ಬದಲಿಸಿ ಹೊಲಕ್ಕೆ ಹೋದಳು. ಬತ್ತಿದ ಬೋರ್‌ವೆಲ್ಲಿನ ಮೇಲಿದ್ದ ಕಲ್ಲು ಸರಿಸಿದಳು. ನೀರು ಹೊಯ್ದು, ತಳ ಮುಟ್ಟುವ ಸದ್ದಿಗಾಗಿ ಕಿವಿಕೊಟ್ಟು ಕೂತಳು.

ನನಗೆ ಕಥೆ ಸಿಗೋದು ಹೀಗೆ. ಅರ್ಥವಾಗದ ಒಂದು ಸಂಗತಿ ಮನಸ್ಸಿನಲ್ಲಿ ಕೂತಿರುತ್ತೆ. ಎಷ್ಟೋ ದಿನ ಆದಮೇಲೆ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಮಾತು ಬಂದು ತಾಗುತ್ತೆ. ಮೊದಲನೆಯದಕ್ಕೆ ಅವಸರದಲ್ಲಿ ಉತ್ತರ ಕೊಟ್ಟುಬಿಟ್ಟರೆ ಎರಡನೆಯದಕ್ಕೆ ಜಾಗವೇ ಇರಲ್ಲ. ಕೂತ ತಕ್ಷಣ ಹೊಳೆಯಬೇಕು ಅಂತ ನೀವು ಕಾಯುತ್ತೀರಲ್ಲ, ತೊಡಕು ಅಲ್ಲಿದೆ ಅನಿಸುತ್ತೆ.

ಇನ್ನು ಕೋಟೆ. ನಾನು ಭಾನುವಾರ ಬೆಳಿಗ್ಗೆ ಹತ್ತುತ್ತೇನೆ, ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂತು ಬರುತ್ತೇನೆ. ತುಂಬಾ ಪ್ರೀತಿಯ ಜಾಗ. ಆದರೆ ಅಲ್ಲಿ ಕೂತಾಗ ನನಗೆ ಒಂದು ಕಥೆಯೂ ಹೊಳೆದಿಲ್ಲ. ಕೋಟೆ ತ.ರಾ.ಸು. ಅವರನ್ನು ಹಿಡಿದಿತ್ತು. 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ದುರ್ಗದ ನಾಯಕರ ಮೇಲೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಬೇರೆ ಕಾದಂಬರಿಗಳನ್ನು ಬರೆದಿದ್ದರು. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು. ಏಳು ಸುತ್ತಿನ ಕೋಟೆ ಹೇಗೆ ಕೈಬಿಟ್ಟುಹೋಯಿತು ಅನ್ನೋ ಸಂಕಟ ಮಾತ್ರ ಅವರನ್ನು ಕೊನೆತನಕ ಬಿಟ್ಟಿರಲಿಕ್ಕಿಲ್ಲ. ಕಲ್ಲು ಎಲ್ಲರ ಕಣ್ಣಿಗೂ ಬೀಳುತ್ತೆ, ಆ ಸಂಕಟ ಅವರದು.

ಓದಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ನನಗೆ ಬರೆಯೋದನ್ನು ಕಲಿಸಿದ್ದೇ ಅದು. ನನ್ನ ಅಜ್ಜಿಯ ಊರು ಚಳ್ಳಕೆರೆ ಕಡೆ, ಶೇಂಗಾ ಬೆಳೆಯುವ ಸೀಮೆ. ಬೇಸಿಗೆ ರಜದಲ್ಲಿ ಪಡಸಾಲೆಯಲ್ಲಿ ನಾಲ್ಕೈದು ಹೆಂಗಸರು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದರು. ಯಾರಿಗೂ ಓದು ಬರುತ್ತಿರಲಿಲ್ಲ. ಮೇಷ್ಟ್ರ ಮನೆಯಿಂದ 'ಸುಧಾ' ತಂದು ಧಾರಾವಾಹಿ ಓದಿ ಹೇಳೋದು ನನ್ನ ಕೆಲಸ. ಕಷ್ಟದ ಜಾಗ ಬಂದರೆ ಪಟ್ ಪಟ್ ಅನ್ನುವ ಸಿಪ್ಪೆಯ ಸದ್ದು ನಿಂತುಬಿಡುತ್ತಿತ್ತು. ಕೊನೆಗೆ 'ಮುಂದುವರಿಯುವುದು' ಅಂತ ಓದಿದರೆ ಪಡಸಾಲೆಯಲ್ಲಿ ವಾದ ಶುರು.

"ಅವಳು ಗಂಡನ ಮನೆಗೆ ವಾಪಸ್ ಬರ್ತಾಳೆ" ಅಂತ ಒಬ್ಬರು. ಅಜ್ಜಿ ಕಾಳು ಕೇರುತ್ತಾ, "ಬರಲ್ಲ ಬಿಡೇ. ಬರೋಳಾಗಿದ್ರೆ ಟ್ರಂಕು ಯಾಕೆ ಒಯ್ಯುತ್ತಿದ್ಲು?" ಅನ್ನುತ್ತಿದ್ದಳು. ನಾನು ಓದುವಾಗ ಆ ಟ್ರಂಕನ್ನು ಗಮನಿಸಿಯೇ ಇರಲಿಲ್ಲ. ಅವತ್ತು ಎಲ್ಲರೂ ಮಲಗಿದ ಮೇಲೆ ಲಾಟೀನಿನ ಬೆಳಕಲ್ಲಿ ಹುಡುಕಿದೆ. ಮೂರನೇ ಪ್ಯಾರಾದಲ್ಲಿ ಒಂದೇ ಸಾಲಿನಲ್ಲಿತ್ತು.

ಈಗಲೂ ಒಳ್ಳೆಯ ಕಥೆ ಸಿಕ್ಕರೆ ಮುಕ್ಕಾಲು ಓದಿ ಪುಸ್ತಕ ಮುಚ್ಚಿಡುತ್ತೇನೆ. ಒಂದು ರಾತ್ರಿಯೆಲ್ಲ ಮುಂದೇನು ಅಂತ ಲೆಕ್ಕ ಹಾಕುತ್ತೇನೆ. ಬೆಳಿಗ್ಗೆ ತೆಗೆದಾಗ ಲೇಖಕರು ನನ್ನ ಊಹೆಯನ್ನು ಮೀರಿ ಹೋಗಿದ್ದರೆ ಆಗುವ ಖುಷಿಗೆ ಸಮ ಬೇರೆ ಇಲ್ಲ.

ಬರೆಯುವ ಹೊತ್ತು ನನಗೆ ಸಿಗೋದು ಬೆಳಿಗ್ಗೆ ಐದರಿಂದ ಆರೂಕಾಲು. ನೀರು ಬಿಡುವ ದಿನ ಅದೂ ಇಲ್ಲ. ಆಮೇಲೆ ಅಡುಗೆ, ಡಬ್ಬಿ, ಆಫೀಸು. ಅರ್ಧ ಪುಟ ಆದರೆ ಒಳ್ಳೆಯ ದಿನ.

ನಿಮ್ಮೂರಲ್ಲಿ ಏನೂ ಇಲ್ಲ ಅಂದಿರಿ. ಈ ವಾರ ಒಂದೇ ಕೆಲಸ ಮಾಡಿ. ನಿಮ್ಮ ಕಣ್ಣೆದುರು ಯಾರೋ ಏನೋ ಮಾಡುತ್ತಾರೆ, ಯಾಕೆ ಅಂತ ನಿಮಗೆ ತಿಳಿಯಲ್ಲ. ಅದನ್ನು ಎರಡು ಸಾಲು ಬರೆದಿಡಿ, ಉತ್ತರ ಬರೆಯಬೇಡಿ. ಮೇಲೆ ತಾರೀಖು ಹಾಕಿ. ಚೊಂಬಿನ ಪುಟಕ್ಕೆ ನಾನು ತಾರೀಖು ಹಾಕಿಟ್ಟಿದ್ದೆ, ಅದಕ್ಕೇ ಹದಿನಾಲ್ಕು ತಿಂಗಳು ಅಂತ ಇವತ್ತು ನಿಮಗೆ ಲೆಕ್ಕ ಹೇಳಲು ಆಯಿತು.