ಸರ್ವಿಸ್ ಆದ ವಾಚು ಗಳಿಗೆಗೊಂದು ಲೆಕ್ಕ ಹೇಳಿದರೆ

ಕೀ ಕೊಡುವ ವಾಚನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸಿದ್ದೀರಿ. ಟಿಕ್ ಸದ್ದು ಕೇಳಿ ವಾಚಿನ ವೇಗ ಅಳೆಯುವ ಯಂತ್ರ ಟೈಮ್‌ಗ್ರಾಫರ್ ಮೇಲೆ ಮಲಗಿಸಿ ಇಟ್ಟರೆ ದಿನಕ್ಕೆ 5 ಸೆಕೆಂಡ್ ಮುಂದೆ. ನೆಟ್ಟಗೆ ನಿಲ್ಲಿಸಿ ಇಟ್ಟರೆ 20 ಸೆಕೆಂಡ್ ಹಿಂದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಇನ್ನೊಂದೇ ಅಂಕಿ. ಕೈ ಸೀದಾ ವೇಗ ಹೊಂದಿಸುವ ಕಡ್ಡಿ, ರೆಗ್ಯುಲೇಟರ್ ಕಡೆ ಹೋಗುತ್ತದೆ, ಅಲ್ವಾ? ದಯವಿಟ್ಟು ಈಗಲೇ ಮುಟ್ಟಬೇಡಿ.

ಈ ಯಂತ್ರಕ್ಕೆ ಕಣ್ಣಿಲ್ಲ, ಕಿವಿ ಮಾತ್ರ ಇದೆ. ಗಂಟೆಗೆ 28,800 ಬಡಿತದ ವಾಚು ಸೆಕೆಂಡಿಗೆ 8 ಸಲ ಟಿಕ್ ಅನ್ನಬೇಕು. ಮೈಕ್ ಅದನ್ನೇ ಎಣಿಸುತ್ತದೆ. ದಿನಕ್ಕೆ 86,400 ಸೆಕೆಂಡ್ ಇರುವಾಗ 10 ಸೆಕೆಂಡ್ ತಪ್ಪು ಅಂದರೆ 8,640ರಲ್ಲಿ ಒಂದು ಪಾಲು. ಇಷ್ಟು ವ್ಯತ್ಯಾಸಕ್ಕೆ ತಪ್ಪು ಜಾಗದಲ್ಲಿ ಬಿದ್ದ ಚೂರು ಎಣ್ಣೆ ಸಾಕು.

ಮೊದಲು ನೋಡಬೇಕಾದ್ದು ಅತ್ತಿತ್ತ ತೂಗಿ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ತೂಗಾಟ, ಅಂದರೆ ಆಂಪ್ಲಿಟ್ಯೂಡ್. ಪೂರ್ತಿ ಕೀ ಕೊಟ್ಟು ಮುಖ ಮೇಲೆ ಮಾಡಿ ಮಲಗಿಸಿದಾಗ 270ರಿಂದ 310 ಡಿಗ್ರಿ ಇದ್ದರೆ ಆರೋಗ್ಯವಾಗಿದೆ. ನೆಟ್ಟಗೆ ನಿಲ್ಲಿಸಿದಾಗ 20-40 ಡಿಗ್ರಿ ಇಳಿಯುವುದು ಸಹಜ, ಚಕ್ರದ ಅಚ್ಚಿನ ಮೊನೆಗಳ ಉಜ್ಜಾಟ ಆಗ ಜಾಸ್ತಿ. ಮಲಗಿಸಿದಾಗಲೇ 200 ಬಂದರೆ? ಯಂತ್ರದಲ್ಲಿ ಲಿಫ್ಟ್ ಆ್ಯಂಗಲ್ (ತೂಗಾಟ ಲೆಕ್ಕ ಹಾಕಲು ಯಂತ್ರಕ್ಕೆ ನಾವೇ ಕೊಡುವ ಕೋನ) ಸರಿ ಕೊಟ್ಟಿದ್ದೀರಾ ನೋಡಿ. ಬಹಳ ವಾಚುಗಳಿಗೆ ಅದು 52 ಡಿಗ್ರಿ, ಎಲ್ಲಕ್ಕೂ ಅಲ್ಲ. ಅದು ತಪ್ಪಿದರೆ ತೂಗಾಟದ ಅಂಕಿ ಸುಳ್ಳಾಗುತ್ತದೆ, ವೇಗದ ಅಂಕಿ ಅಲ್ಲ. ಅದು ಸರಿ ಇದ್ದರೆ ಕಾರಣ ತೊಳೆದ ಮೇಲೂ ಉಳಿದ ಕೊಳೆ, ಬಳಲಿದ ಮೇನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗ್), ಅಥವಾ ಬ್ಯಾಲೆನ್ಸ್ ಚಕ್ರಕ್ಕೆ ತಳ್ಳು ಕೊಡುವ ಪ್ಯಾಲೆಟ್ ಫೋರ್ಕಿನ ಅಚ್ಚಿನ ಮೊನೆಗೆ ಹಾಕಿದ ಎಣ್ಣೆ. ಆ ಮೊನೆಗಳನ್ನು ಸಾಮಾನ್ಯವಾಗಿ ಒಣಗಿಯೇ ಬಿಡುತ್ತಾರೆ.

ವಾಚು ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡಿದರೆ ಬ್ಯಾಲೆನ್ಸ್ ಚಕ್ರವನ್ನು ಹಿಂದಕ್ಕೆಳೆಯುವ ಸಣ್ಣ ಸ್ಪ್ರಿಂಗ್, ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿರಬಹುದು. ಅಂಟಿದ ಸ್ಪ್ರಿಂಗ್ ಗಿಡ್ಡವಾದ ಸ್ಪ್ರಿಂಗಿನ ಹಾಗೆ, ಚಕ್ರವನ್ನು ಬೇಗ ಎಳೆಯುತ್ತದೆ. ಕಾರಣ ಎಣ್ಣೆ, ಇಲ್ಲವೇ ಕಾಂತತೆ. ದಿಕ್ಸೂಚಿಯನ್ನು ಹತ್ತಿರ ಹಿಡಿದು ಮುಳ್ಳು ಅಲ್ಲಾಡುತ್ತದೋ ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಂತ್ರದ ಪರದೆಯಲ್ಲಿ ಬಡಿತಗಳು ಮೂಡಿಸುವ ಗೆರೆ ಅಲೆ ಅಲೆಯಾಗಿ ಬರುವುದು. ಅದು ಸುಮ್ನೆ ಕುಣಿಯುವುದಿಲ್ಲ. ಕೈಯಲ್ಲಿ ಇನ್ನೊಂದು ಗಡಿಯಾರ ಹಿಡಿದು ಅಲೆಯಿಂದ ಅಲೆಗೆ ಎಷ್ಟು ಹೊತ್ತು ಅಂತ ಅಳೆಯಿರಿ. ಗಂಟೆಗೆ 18,000 ಬಡಿತದ, 15 ಹಲ್ಲಿನ ಎಸ್ಕೇಪ್ ವೀಲ್ (ಪ್ಯಾಲೆಟ್ ಫೋರ್ಕನ್ನು ತಳ್ಳುವ ಹಲ್ಲಿನ ಚಕ್ರ) ಇರುವ ವಾಚಿನಲ್ಲಿ ಒಂದು ಹಲ್ಲಿಗೆ ಎರಡು ಬಡಿತ. ಆ ಚಕ್ರದ ಒಂದು ಸುತ್ತಿಗೆ 30 ಬಡಿತ, ಅಂದರೆ 6 ಸೆಕೆಂಡ್. ಅಲೆ 6 ಸೆಕೆಂಡಿಗೊಮ್ಮೆ ಬಂದರೆ ಸಂಶಯ ಎಸ್ಕೇಪ್ ವೀಲ್ ಮೇಲೆ. 60 ಸೆಕೆಂಡಿಗೊಮ್ಮೆ ಬಂದರೆ ನಿಮಿಷಕ್ಕೊಂದು ಸುತ್ತು ಹಾಕುವ ನಾಲ್ಕನೇ ಚಕ್ರದ ಮೇಲೆ. ಮತ್ತೆ ಪೂರ್ತಿ ಬಿಚ್ಚುವ ಮೊದಲೇ ಯಾವ ಚಕ್ರವನ್ನು ಭೂತಗನ್ನಡಿ ಕೆಳಗೆ ಇಡಬೇಕು ಅಂತ ಗೊತ್ತಾಗಿರುತ್ತದೆ.

ಗೆರೆ ನೇರವಾಯಿತು, ತೂಗಾಟ ಸರಿ ಬಂತು ಅಂದಮೇಲೆ ಒಂದು ದಿನ ಓಡಲು ಬಿಡಿ. ಆಮೇಲೆ ರೆಗ್ಯುಲೇಟರ್, ಅದೂ ಕೂದಲೆಳೆಯಷ್ಟು.